ಎಡಗಣ್ಣಿನ ರೈಫಲ್ಲಿಗೆ ಮರ ಕೂರಿಸಿದ್ದು

ಕಳೆದ ತಿಂಗಳು ನಮ್ಮ ಮನೆಯ ಕಿಟಕಿಗೆ ಸೊಳ್ಳೆ ಜಾಲರಿ ಹಾಕಿಸಿದೆವು. ಬಾಗಲಗುಂಟೆಯ ಸೊಳ್ಳೆಗಳ ವಿಷಯ ನಿಮಗೆ ಗೊತ್ತಿರಬಹುದು. ಗೊತ್ತಿಲ್ಲದಿದ್ದರೆ ಒಂದು ಸಂಜೆ ಬನ್ನಿ. ಅಳತೆ ತೆಗೆದವಳು ನನ್ನ ಸೊಸೆ. ಅಚ್ಚುಕಟ್ಟಿನ ಹೆಂಗಸು. ಮೇಜಿನ ಡ್ರಾಯರಿನಲ್ಲಿ ಸಿಕ್ಕಿದ ಉಕ್ಕಿನ ಸ್ಕೇಲು ಹಿಡಿದು ಎರಡೆರಡು ಸಲ ಅಳೆದು ಚೀಟಿ ಬರೆದುಕೊಟ್ಟಿದ್ದಳು. ಜಾಲರಿಯವನು ಚೌಕಟ್ಟು ತಂದು ಕೂರಿಸಿದರೆ ಒಂದು ಬೆರಳು ಗಿಡ್ಡ. ಅವಳು ಅವನ ಮೇಲೆ ರೇಗಿದಳು, ಅವನು ಚೀಟಿ ತೆಗೆದು ಅವಳ ಮೂಗಿನ ಮುಂದೆ ಹಿಡಿದ. ಅವನು ತನ್ನ ಟೇಪು ಚಾಚಿ ತೋರಿಸಿದರೆ ಅವಳು ಸ್ಕೇಲು ಇಟ್ಟು ತೋರಿಸಿದಳು. ಇಬ್ಬರ ಲೆಕ್ಕವೂ ಸರಿಯಾಗಿಯೇ ಇತ್ತು. ನಾನು ಪೇಪರು ಓದುವವನ ಹಾಗೆ ಮುಖ ಮುಚ್ಚಿಕೊಂಡು ಕುಳಿತಿದ್ದೆ. ತಪ್ಪು ಇದ್ದದ್ದು ಸ್ಕೇಲಿನಲ್ಲಿ, ಆ ಸ್ಕೇಲು ನನ್ನದು.

ಅದು ಸುಳ್ಳು ಹೇಳುವ ಸ್ಕೇಲು. ಹಾಗೆಂದರೆ ಕೆಟ್ಟುಹೋದದ್ದಲ್ಲ, ಸುಳ್ಳು ಹೇಳಲೆಂದೇ ಕಾರ್ಖಾನೆಯಲ್ಲಿ ಮಾಡಿ ಕಳಿಸಿದ್ದು. ಕರಗಿದ ಕಬ್ಬಿಣವನ್ನು ಮರಳಿನ ಅಚ್ಚಿಗೆ ಹೊಯ್ದಾಗ ಅದು ಆರುತ್ತಾ ಆರುತ್ತಾ ಕುಗ್ಗುತ್ತದೆ, ನೂರಕ್ಕೆ ಒಂದು ಪಾಲಿನಷ್ಟು. ಆದ್ದರಿಂದ ಆ ಅಚ್ಚು ಒತ್ತುವ ಮರದ ಮಾದರಿಯನ್ನು ಅಷ್ಟು ದೊಡ್ಡದಾಗಿಯೇ ಮಾಡಬೇಕು. ಪ್ರತಿ ಅಳತೆಗೂ ಕೂಡಿಸಿ ಗುಣಿಸಿ ಕೂರುವ ಬದಲು, ಮೊದಲೇ ನೂರಕ್ಕೆ ಒಂದು ಉದ್ದವಾಗಿ ಗೀಟು ಹಾಕಿದ ಸ್ಕೇಲನ್ನೇ ಇಟ್ಟುಕೊಂಡರೆ ಆಯಿತು. ಅದರಲ್ಲಿ ನೂರು ಎಂದು ಬರೆದ ಕಡೆ ನಿಜವಾಗಿ ನೂರೊಂದು ಇರುತ್ತದೆ. ನಾವು ಅದನ್ನು ಶ್ರಿಂಕೇಜ್ ಸ್ಕೇಲು ಅನ್ನುತ್ತಿದ್ದೆವು. ನಾನು ಪೀಣ್ಯದ ಒಂದು ಫೌಂಡ್ರಿಯಲ್ಲಿ ಮೂವತ್ತು ವರ್ಷ ಆ ಸ್ಕೇಲು ಹಿಡಿದು ಮರದ ಮಾದರಿಗಳನ್ನು ಮಾಡಿದವನು. ಪಂಪುಗಳ ಹೊಟ್ಟೆ, ಮೋಟಾರುಗಳ ಕಾಲು, ಗೇರು ಪೆಟ್ಟಿಗೆ, ಒಮ್ಮೆ ಯಾವುದೋ ದೇವಸ್ಥಾನಕ್ಕೆ ಗಂಟೆ. ಇಷ್ಟನ್ನು ಸೊಸೆಗೆ ಆಗಲೇ ಹೇಳಬಹುದಿತ್ತು. ಜಾಲರಿಯವನು ಹೋಗುವ ತನಕ ನನಗೆ ಧೈರ್ಯ ಬರಲಿಲ್ಲ.

ನಮ್ಮಪ್ಪನ ಕಾಲದಲ್ಲಿ ಈ ಕಷ್ಟಗಳು ಇರಲಿಲ್ಲ. ಅವನು ತುಮಕೂರು ರಸ್ತೆಯ ಆಚೀಚೆ ಹಳ್ಳಿಗಳಿಗೆ ನೇಗಿಲು, ಕುಂಟೆ, ಎತ್ತಿನ ಗಾಡಿ ಮಾಡಿಕೊಡುತ್ತಿದ್ದ ಆಚಾರಿ. ಅವನ ಹತ್ತಿರ ಸ್ಕೇಲೇ ಇರಲಿಲ್ಲ. ಸೊಂಟದಲ್ಲಿ ಒಂದು ದಾರ ಇರುತ್ತಿತ್ತು. ಚಕ್ರದ ನಡುವಿನ ಗುಂಭಕ್ಕೆ ಅದನ್ನು ಸುತ್ತಿ, ಗಂಟು ಹಾಕಿ, ಮರದ ಮೇಲೆ ಎಳೆದು, ಉಗುರಿನಿಂದ ಗೀರಿದರೆ ಮುಗಿಯಿತು. ಎಷ್ಟು ಇಂಚು ಎಂದು ಕೇಳಿದರೆ ಅವನಿಗೆ ಸಿಟ್ಟು ಬರುತ್ತಿತ್ತು. ನನಗೆ ಐದಾರು ವರ್ಷ ಇದ್ದಾಗ ಆ ದಾರದಲ್ಲಿ ಬುಗುರಿ ಸುತ್ತಿ ಆಡಿ ಗಂಟು ಬಿಚ್ಚಿಬಿಟ್ಟಿದ್ದೆ. ಮಾದನಾಯಕನಹಳ್ಳಿಯ ಯಾರದೋ ಗಾಡಿ ಒಂದು ವಾರ ತಡವಾಯಿತು. ನನ್ನ ಬೆನ್ನಿಗೆ ಬಿದ್ದ ಏಟಿನ ಅಳತೆ ಮಾತ್ರ ಇನ್ನೂ ಸರಿಯಾಗಿ ನೆನಪಿದೆ.

ಐಟಿಐ ಮುಗಿಸಿ ಫೌಂಡ್ರಿಗೆ ಸೇರಿದಾಗ ಮೊದಲ ದಿನವೇ ನಮ್ಮ ಫೋರ್‌ಮನ್ ಒಂದು ಮಡಿ ಹೇಳಿಕೊಟ್ಟರು. ಮರದ ಮಾದರಿ ಮಾಡುವ ಪ್ಯಾಟರ್ನ್ ಶಾಪಿನ ಹೊಸ್ತಿಲ ಒಳಗೆ ಸಾಮಾನ್ಯ ಸ್ಕೇಲು ಬರಕೂಡದು. ಎರಡೂ ಜಾತಿಯವು ಒಂದೇ ಮೇಜಿನ ಮೇಲೆ ಬಿದ್ದಿದ್ದರೆ ಯಾವತ್ತಾದರೂ ಒಂದು ದಿನ ಯಾರಾದರೂ ತಪ್ಪಾದುದನ್ನು ಎತ್ತಿಕೊಳ್ಳುತ್ತಾರೆ, ಟನ್ನುಗಟ್ಟಲೆ ಕಬ್ಬಿಣ ಗುಜರಿಗೆ ಹೋಗುತ್ತದೆ. ಮಷೀನ್ ಶಾಪಿನವರು ಜೇಬಿನಲ್ಲಿ ಸ್ಕೇಲು ಸಿಕ್ಕಿಸಿಕೊಂಡು ಬಂದರೆ ಅವರು ಬಾಗಿಲಲ್ಲೇ ತೆಗೆಸಿ ಕಿಟಕಿಯ ಮೇಲೆ ಇಡಿಸುತ್ತಿದ್ದರು, ದೇವಸ್ಥಾನಕ್ಕೆ ಬಂದವರಿಂದ ಚಪ್ಪಲಿ ಬಿಡಿಸಿದ ಹಾಗೆ. ಈ ಮಡಿಯನ್ನು ನಾನು ಚಾಚೂ ತಪ್ಪದೆ ಪಾಲಿಸಿದೆ. ಪಾಲಿಸಿದ್ದಕ್ಕೇ ಹನುಮಣ್ಣನ ಕೆಲಸದಲ್ಲಿ ಮುಗ್ಗರಿಸಿದೆ.

ಹನುಮಣ್ಣ ಎಂದರೆ ಗಂಗಹನುಮಯ್ಯ, ಕುಲುಮೆಯ ಮೇಸ್ತ್ರಿ. ಮಾದನಾಯಕನಹಳ್ಳಿಯ ರಾಗಿ ಬೆಳೆಯುವ ಮನೆಯಿಂದ ಬಂದು ಬಾಗಲಗುಂಟೆಯಲ್ಲಿ ಮನೆ ಮಾಡಿದ್ದ. ನನಗಿಂತ ಹದಿನೆಂಟು ವರ್ಷ ದೊಡ್ಡವನು. ನಮ್ಮಪ್ಪ ಕಟ್ಟಿದ ಗಾಡಿಯಲ್ಲಿ ಗೊಬ್ಬರ ಹೊಡೆದವನು. ಅಣ್ಣ ಎನ್ನುತ್ತಿದ್ದೆ, ಅವನು ಆಚಾರಿ ಎನ್ನುತ್ತಿದ್ದ. ಕರಗಿದ ಕಬ್ಬಿಣದ ಬಣ್ಣ ನೋಡಿಯೇ ಅದರ ಕಾವು ಹೇಳುತ್ತಿದ್ದ ಕಣ್ಣು ಅವನದು. ಆ ಕಣ್ಣನ್ನು ಗುರುತಿಸಿದವರು ನಮ್ಮ ಮ್ಯಾನೇಜರು ನೋಯೆಲ್ ಸಾರ್. ಅವರು ವೈಟ್‌ಫೀಲ್ಡಿನ ಹಳೆಯ ಆಂಗ್ಲೋ ಇಂಡಿಯನ್ ಮನೆತನದವರು, ರೈಫಲ್ ಕ್ಲಬ್ಬಿನ ಸದಸ್ಯರು. ಇವನನ್ನು ಒಂದು ಭಾನುವಾರ ಕ್ಲಬ್ಬಿಗೆ ಕರೆದುಕೊಂಡು ಹೋಗಿ ಮಲಗಿಸಿ ಕೈಗೆ ರೈಫಲ್ಲು ಕೊಟ್ಟರಂತೆ. ಮೂರು ವರ್ಷದಲ್ಲಿ ಹನುಮಣ್ಣ ಅವರನ್ನೇ ಮೀರಿಸಿದ. ನೋಯೆಲ್ ಸಾರ್ ಕುಟುಂಬ ಸಮೇತ ಆಸ್ಟ್ರೇಲಿಯಾಕ್ಕೆ ಹೊರಟಾಗ, ಕಾಗದ ಪತ್ರ ಎಲ್ಲ ಮಾಡಿಸಿ, ತಮ್ಮ ರೈಫಲ್ಲನ್ನು ಅವನ ಹೆಸರಿಗೆ ವರ್ಗಾಯಿಸಿ ಹೋದರು.

ಆ ರೈಫಲ್ಲನ್ನು ನಾನು ಮೊದಲ ಸಲ ನೋಡಿದಾಗ ನಗು ಬಂತು. ನಳಿಗೆ ನೋಡಿದರೆ ಬುಡದಿಂದ ತುದಿಯವರೆಗೂ ಒಂದೇ ದಪ್ಪ, ಗಟ್ಟಿ ಕಬ್ಬಿಣ, ಎತ್ತಿದರೆ ಒನಕೆಯ ಭಾರ. ಗುಂಡು ನೋಡಿದರೆ ಕಡಲೆಕಾಳಿನಷ್ಟು. ತೋಟಾದ ಅಂಚಿಗೆ ಒಂದು ಪೆಟ್ಟು ಬಿದ್ದರೆ ಅದು ಚಟ್ಟೆಂದು ಸಿಡಿದು ಐವತ್ತು ಮೀಟರು ದೂರದ ಕಾಗದದಲ್ಲಿ ಒಂದು ತೂತು ಮಾಡುತ್ತದೆ. ಅಷ್ಟೇ ಅದರ ಪೌರುಷ. ಬೆಟ್ಟ ಅಗೆದು ಇಲಿ ಹಿಡಿದ ಹಾಗಾಯ್ತಲ್ಲಣ್ಣ ಎಂದೆ. ಭಾರ ಇರುವುದು ಅಲುಗದೆ ಇರಲಿಕ್ಕೆ ಎಂದು ಅವನು ತಾಳ್ಮೆಯಿಂದ ವಿವರಿಸಿದ. ಅವನಿಗೆ ಆ ರೈಫಲ್ಲಿನ ವಿಷಯದಲ್ಲಿ ಮಾತ್ರ ತಾಳ್ಮೆ ಇತ್ತು.

ಎಂಬತ್ತರ ದಶಕದ ಆರಂಭದ ಒಂದು ಮಧ್ಯಾಹ್ನ ಕುಲುಮೆಯ ಮುಂದೆ ಕರಗಿದ ಕಬ್ಬಿಣದ ಹನಿ ಸಿಡಿದು ಹನುಮಣ್ಣನ ಬಲಗಣ್ಣು ಹೋಯಿತು. ಎರಡು ತಿಂಗಳು ಆಸ್ಪತ್ರೆ, ಆಮೇಲೆ ಕುಲುಮೆಯಿಂದ ಗೋದಾಮಿಗೆ ವರ್ಗ. ಕಬ್ಬಿಣದ ಬಣ್ಣ ನೋಡುತ್ತಿದ್ದವನು ಬೋಲ್ಟುಗಳ ಡಬ್ಬಕ್ಕೆ ಚೀಟಿ ಅಂಟಿಸತೊಡಗಿದ. ಅದನ್ನು ಅವನು ನುಂಗಿಕೊಂಡ. ರೈಫಲ್ಲಿನದು ನುಂಗಲು ಆಗಲಿಲ್ಲ. ಬಲಗಣ್ಣಿನಿಂದ ಗುರಿ ಇಡುವವನು ಬಲಭುಜಕ್ಕೆ ಆನಿಸಿ, ಬಲಗೆನ್ನೆಯನ್ನು ಮರಕ್ಕೆ ಒರಗಿಸುತ್ತಾನೆ. ಕೆನ್ನೆ ಕೂರಲೆಂದು ಮರದ ಎಡಪಕ್ಕದಲ್ಲಿ ಒಂದು ಉಬ್ಬು ಇರುತ್ತದೆ. ಎಡಗಣ್ಣಿನವನಿಗೆ ಎಲ್ಲವೂ ಅದಲುಬದಲು. ಕ್ಲಬ್ಬಿನಲ್ಲಿ ಒಂದು ನಿಯಮ ಬೇರೆ ಇತ್ತು: ವರ್ಷಕ್ಕೊಮ್ಮೆ ನಡೆಯುವ ಸ್ಪರ್ಧೆಯಲ್ಲಿ ಇಪ್ಪತ್ತು ಗುಂಡು ಹೊಡೆದು ಇನ್ನೂರಕ್ಕೆ ನೂರೆಪ್ಪತ್ತು ಅಂಕ ತೆಗೆಯಬೇಕು, ಇಲ್ಲವಾದರೆ ಲೈಸೆನ್ಸಿನ ನವೀಕರಣಕ್ಕೆ ಕ್ಲಬ್ಬು ಪತ್ರ ಕೊಡುವುದಿಲ್ಲ, ರೈಫಲ್ಲನ್ನು ಕೈಬಿಡಬೇಕು. ಅಪಘಾತವಾದ ವರ್ಷ ಅವನಿಗೆ ರಿಯಾಯಿತಿ ಸಿಕ್ಕಿತು. ಮುಂದಿನ ವರ್ಷಕ್ಕೆ ಸಿಗುವ ಹಾಗಿರಲಿಲ್ಲ.

ಸುದ್ದಿ ಹೇಗೋ ಆಸ್ಟ್ರೇಲಿಯಾ ಮುಟ್ಟಿತು. ನೋಯೆಲ್ ಸಾರ್ ರಜಕ್ಕೆ ಬರುತ್ತಿದ್ದ ನೆಂಟರೊಬ್ಬರ ಕೈಲಿ ಒಂದು ಉದ್ದನೆಯ ಪೊಟ್ಟಣ ಕಳಿಸಿದರು. ಒಳಗೆ ರೈಫಲ್ಲಿಗೆ ಹಾಕುವ ಮರದ ಕಟ್ಟು, ಕ್ಲಬ್ಬಿನವರು ಸ್ಟಾಕು ಅನ್ನುತ್ತಾರಲ್ಲ, ಅದು. ಕೆನ್ನೆಯ ಉಬ್ಬು ಬಲಪಕ್ಕಕ್ಕಿತ್ತು, ಎಡಗಣ್ಣಿನವರಿಗೆಂದೇ ಮಾಡಿದ್ದು. ವಾಲ್‌ನಟ್ ಮರ, ಎರೆಹುಳು ಹರಿದಂಥ ಗೆರೆಗಳು. ನಾನು ಅದುವರೆಗೆ ಮುಟ್ಟಿಯೂ ನೋಡಿರಲಿಲ್ಲ. ಆದರೆ ಅಂಗಡಿಯ ಮಾಲು, ಯಾವ ರೈಫಲ್ಲಿಗಾದರೂ ಹೊಂದಿಸಿಕೊಳ್ಳಲಿ ಎಂದು ಮುಕ್ಕಾಲು ಪಾಲು ಕೆತ್ತಿ ಬಿಟ್ಟಿದ್ದರು. ನಳಿಗೆ ಮಲಗುವ ತೋಡು ತೆಳು ನಳಿಗೆಗೆ ಆಗುವಷ್ಟು ಮಾತ್ರ ಇತ್ತು. ಕಬ್ಬಿಣ ಕೂರುವ ಗುಳಿ ಅರ್ಧಂಬರ್ಧ, ತಿರುಪಿನ ತೂತುಗಳು ಇರಲೇ ಇಲ್ಲ. ಹನುಮಣ್ಣ ಅದನ್ನು ಜಮಖಾನದಲ್ಲಿ ಸುತ್ತಿಕೊಂಡು ನನ್ನ ಮನೆಗೆ ಬಂದ.

“ಇನ್ನೊಂದ್ ಕಳ್ಸಿ ಅಂತ ಕೇಳಾಕಾಗಲ್ಲ ಕಣಾಚಾರಿ. ಇದ್ರಾಗೇ ಆಗ್ಬೇಕು,” ಎಂದ. ನಾನು ಎದೆ ತಟ್ಟಿಕೊಂಡು ಒಪ್ಪಿಕೊಂಡೆ. ಪಂಪಿನ ಹೊಟ್ಟೆ ಕೆತ್ತಿದವನಿಗೆ ಇದು ಯಾವ ಲೆಕ್ಕ ಅನ್ನಿಸಿತ್ತು.

ರೈಫಲ್ಲನ್ನು ನನ್ನ ಹತ್ತಿರ ಬಿಟ್ಟುಹೋಗುವಂತಿರಲಿಲ್ಲ. ಲೈಸೆನ್ಸು ಯಾರ ಹೆಸರಿನಲ್ಲಿದೆಯೋ ಅವರ ಸುಪರ್ದಿಯಲ್ಲೇ ಇರಬೇಕು. ಮರ ಕೊರೆಯುವ ಯಂತ್ರ ಇದ್ದದ್ದು ನಮ್ಮ ಶಾಪಿನಲ್ಲಿ. ಅಲ್ಲಿಗೆ ರೈಫಲ್ಲು ತಂದರೆ ಗೇಟಿನ ಗೂರ್ಖಾನೇ ಪೊಲೀಸರನ್ನು ಕರೆಯುತ್ತಿದ್ದ. ಹಾಗಾಗಿ ಒಂದು ಭಾನುವಾರ ಹನುಮಣ್ಣನ ಮನೆಗೆ ಹೋಗಿ, ಮಷೀನ್ ಶಾಪಿನಿಂದ ಅವನು ತಂದಿಟ್ಟಿದ್ದ ಸ್ಕೇಲಿನಲ್ಲಿ ರೈಫಲ್ಲಿನ ಅಂಗಾಂಗಗಳನ್ನೆಲ್ಲ ಅಳೆದು ಹಾಳೆಯಲ್ಲಿ ಬರೆದುಕೊಂಡೆ. ಎರಡು ತಿರುಪುಗಳ ನಡುವೆ ಇನ್ನೂರ ಇಪ್ಪತ್ತು ಮಿಲ್ಲಿಮೀಟರು. ಸೋಮವಾರ ಊಟದ ಬಿಡುವಿನಲ್ಲಿ ಸ್ಟಾಕನ್ನು ಶಾಪಿನ ಮೇಜಿನ ಮೇಲೆ ಮಲಗಿಸಿ, ಹಾಳೆ ನೋಡಿಕೊಂಡು ಗುರುತು ಹಾಕಿದೆ. ಯಾವ ಸ್ಕೇಲಿನಲ್ಲಿ ಎಂದು ನಿಮಗೆ ಆಗಲೇ ಗೊತ್ತಾಗಿರಬೇಕು. ಆ ಹೊಸ್ತಿಲ ಒಳಗೆ ಬೇರೆ ಸ್ಕೇಲು ಇರಲೇ ಇಲ್ಲ.

ಮೂರು ದಿನದ ಬಿಡುವಿನಲ್ಲಿ ಗುಳಿ ಕೆತ್ತಿದೆ, ತೂತು ಕೊರೆದೆ. ನಳಿಗೆಯಷ್ಟೇ ದಪ್ಪದ ಪೈಪಿಗೆ ಉಪ್ಪುಕಾಗದ ಸುತ್ತಿ ತೋಡನ್ನು ತಿಕ್ಕಿ ಅಗಲಿಸಿದೆ. ಜೊತೆಯವರು ಬಂದು ನೋಡಿ ತಲೆದೂಗಿದರು. ಫೋರ್‌ಮನ್ ಕೂಡ ಬೆರಳಾಡಿಸಿ, ಕೈ ಚೆನ್ನಾಗಿದೆ ಎಂದರು. ಮುಂದಿನ ಭಾನುವಾರ ಅದನ್ನು ಹೊತ್ತುಕೊಂಡು ಬಾಗಲಗುಂಟೆಗೆ ಹೋದಾಗ ನನ್ನ ನಡಿಗೆಯೇ ಬೇರೆ ಇತ್ತು.

ಹನುಮಣ್ಣ ಚಾಪೆ ಹಾಸಿ, ರೈಫಲ್ಲಿನ ಹಳೆಯ ಮರ ಬಿಚ್ಚಿ, ಎಣ್ಣೆ ಒರೆಸಿ ಕಾಯುತ್ತಿದ್ದ. ಅವನ ಹೆಂಡತಿ ಪುಟ್ಟತಾಯಮ್ಮ ಬಾಗಿಲಲ್ಲಿ ನಿಂತಿದ್ದಳು. ಕಬ್ಬಿಣವನ್ನು ಗುಳಿಯಲ್ಲಿ ಇಳಿಸಿದೆ. ಹಿಂದೆ ಮುಂದೆ ಲೊಟಲೊಟ ಆಡಿತು. ಮುಂದಿನ ತಿರುಪು ಸಿಕ್ಕಿತು, ಹಿಂದಿನದು ಸಿಗಲಿಲ್ಲ. ತೂತಿನಲ್ಲಿ ಕಣ್ಣಿಟ್ಟು ನೋಡಿದರೆ ಅರ್ಧ ಕಬ್ಬಿಣ, ಅರ್ಧ ಮರ. ಎರಡು ಮಿಲ್ಲಿ, ಮೇಲೆ ಒಂದು ಕೂದಲು. ಆ ಅಂಕಿ ತಲೆಯಲ್ಲಿ ಮೂಡಿದ ಕ್ಷಣವೇ ಯಾವ ಸ್ಕೇಲು ಎಂಬುದೂ ಹೊಳೆದು ಕಿವಿ ಬಿಸಿಯಾಯಿತು. ಇನ್ನೂರ ಇಪ್ಪತ್ತಕ್ಕೆ ನೂರಕ್ಕೆ ಒಂದರಂತೆ ಲೆಕ್ಕ ಹಾಕಿ ನೋಡಿ, ಅಷ್ಟೇ ಬರುತ್ತದೆ.

ಹನುಮಣ್ಣ ಏನೆಂದು ಕೇಳಿದ. ಆಗ ನಿಜ ಹೇಳಬೇಕಿತ್ತು. “ಮರ ಒಸಿ ಹಿಗ್ಗಿದೆ ಅಣ್ಣ, ಮಳೆಗಾಲ ನೋಡು,” ಎಂದುಬಿಟ್ಟೆ. ಮರ ಹಿಗ್ಗುವುದು ಅಗಲಕ್ಕೆ, ಉದ್ದಕ್ಕಲ್ಲ. ಇದನ್ನು ನಮ್ಮಪ್ಪ ಕೇಳಿಸಿಕೊಂಡಿದ್ದರೆ ಕಪಾಳಕ್ಕೆ ಬಿಡುತ್ತಿದ್ದ. ಹನುಮಣ್ಣ ಮಾತ್ರ ಹೌದೆನ್ನುವಂತೆ ತಲೆಯಾಡಿಸಿದ. ಅವನಿಗೆ ನನ್ನ ಮೇಲೆ ಅಷ್ಟು ನಂಬಿಕೆ ಇದ್ದದ್ದು ಆ ಹೊತ್ತಿನಲ್ಲಿ ನನಗೆ ಬಹಳ ಸಂಕಟ ಕೊಟ್ಟಿತು.

ಇಂಥ ಕಡೆ ಸಡಿಲ ಎಂದರೆ ಏನೆಂದು ಸ್ವಲ್ಪ ಹೇಳಬೇಕು. ಮರ ಮತ್ತು ಕಬ್ಬಿಣದ ನಡುವೆ ಕೂದಲೆಳೆಯಷ್ಟು ಸಂದು ಇದ್ದರೂ ಪ್ರತಿ ಗುಂಡಿಗೂ ರೈಫಲ್ಲು ಹೊಸದಾಗಿ ಕೂರುತ್ತದೆ, ಪ್ರತಿ ಗುಂಡೂ ಹೊಸ ದಾರಿ ಹಿಡಿಯುತ್ತದೆ. ಹೊಡೆಯುವವನು ಎಷ್ಟು ಗಟ್ಟಿಗನಾದರೂ ಪ್ರಯೋಜನವಿಲ್ಲ. ಅದೇ ನಳಿಗೆ ಮಾತ್ರ ಬುಡದ ಎರಡು ಬೆರಳಿನಷ್ಟು ಜಾಗ ಬಿಟ್ಟರೆ ಮುಂದೆ ಎಲ್ಲಿಯೂ ಮರಕ್ಕೆ ತಾಕಬಾರದು. ಹಿಂದೆ ಹಿಡಿದ ಹಿಡಿತ, ಮುಂದೆ ಮುಟ್ಟಿಯೂ ಮುಟ್ಟದ ಹಾಗೆ. ಮಾವನ ಮನೆಯಲ್ಲಿ ಅಳಿಯ ಇರಬೇಕಾದ ಕ್ರಮ ಎಂದು ಹನುಮಣ್ಣ ಹೇಳುತ್ತಿದ್ದ.

ಪುಣ್ಯಕ್ಕೆ ನಮ್ಮ ಶಾಪಿಗೆ ಆಗಷ್ಟೇ ರೆಸಿನ್ನು ಎಂಬ ಅಂಟು ಬಂದಿತ್ತು. ಎರಡು ಡಬ್ಬ, ಎರಡನ್ನೂ ಬೆರೆಸಿದರೆ ಕಲ್ಲಾಗುತ್ತದೆ. ಕೆಲಸಕ್ಕೆ ಬಳಸಿ ಡಬ್ಬಗಳಲ್ಲಿ ಮಿಕ್ಕದ್ದನ್ನು ಫೋರ್‌ಮನ್‌ರನ್ನು ಕೇಳಿ, ಅದರ ಮುಂದಿನ ಭಾನುವಾರ ಹನುಮಣ್ಣನ ಮನೆಗೆ ತಂದೆ. ತಪ್ಪಿದ ತೂತಿಗೆ ತೇಗದ ಬೆಣೆ ಹೊಡೆದು ಮುಚ್ಚಿ, ಈ ಸಲ ರೈಫಲ್ಲನ್ನೇ ಮರದ ಮೇಲಿಟ್ಟು ನೇರವಾಗಿ ಗುರುತು ಮಾಡಿ, ಕೈ ಡ್ರಿಲ್ಲಿನಲ್ಲಿ ಹೊಸ ತೂತು ಕೊರೆದೆ. ಕಬ್ಬಿಣ ಎಲ್ಲೆಲ್ಲಿ ಮರಕ್ಕೆ ತಾಗುತ್ತದೆಂದು ತಿಳಿಯಲು ಅದಕ್ಕೆ ಮಸಿ ಬಳಿದು ಒತ್ತಿ ನೋಡಬೇಕು. ಪುಟ್ಟತಾಯಮ್ಮನ ಕಾಡಿಗೆ ಡಬ್ಬಿ ಖಾಲಿಯಾಯಿತು. ಗುಳಿಯನ್ನು ಇನ್ನೂ ಸ್ವಲ್ಪ ಅಗಲ ಕೆತ್ತಿ ಒರಟು ಮಾಡಿದೆ. ಇನ್ನು ಅಂಟಿಗೆ ಕಬ್ಬಿಣ ಸಿಕ್ಕಿದರೆ ಜನ್ಮಕ್ಕೂ ಬಿಡುವುದಿಲ್ಲ. ಬಿಡಲಿ ಎಂದು ಕಬ್ಬಿಣಕ್ಕೆ ಬೂಟ್ ಪಾಲಿಶ್ ಬಳಿದು, ಒಣಗಿಸಿ, ಮತ್ತೆ ಬಳಿದೆ. ಮನೇಲಿ ಒಂದು ಜೊತೆ ಬೂಟಿಲ್ಲ, ಕೋವಿಗೆ ಪಾಲೀಶು ಎಂದು ಪುಟ್ಟತಾಯಮ್ಮ ಗೊಣಗಿದಳು.

ರೆಸಿನ್ನಿಗೆ ಅಲ್ಯೂಮಿನಿಯಂ ಪುಡಿ ಬೆರೆಸಿ, ಬೂದಿ ಬಣ್ಣದ ದೋಸೆಹಿಟ್ಟಿನ ಹದಕ್ಕೆ ತಂದು, ಗುಳಿಯಲ್ಲಿ ಹರಡಿ, ರೈಫಲ್ಲನ್ನು ಮೆಲ್ಲನೆ ಒತ್ತಿ ಕೂರಿಸಿದೆ. ಪಕ್ಕದಲ್ಲಿ ಉಕ್ಕಿ ಬಂದುದನ್ನು ಒರೆಸಿದೆ. ಸೈಕಲ್ ಟ್ಯೂಬನ್ನು ಪಟ್ಟಿಗಳಾಗಿ ಕತ್ತರಿಸಿ ಬುಡದಿಂದ ಬಿಗಿಯಾಗಿ ಸುತ್ತಿದೆ. ಬಾಣಂತಿಗೆ ಹೊಟ್ಟೆ ಕಟ್ಟಿದ ಹಾಗೆ ಕಾಣುತ್ತಿತ್ತು. ಮಹಡಿಯ ಬಿಸಿಲಿನಲ್ಲಿ ಮಲಗಿಸಿ, ಇವತ್ತೆಲ್ಲ ಮುಟ್ಟಬೇಡ ಎಂದು ಹೇಳಿದರೆ ಹನುಮಣ್ಣ ಅದರ ಪಕ್ಕದಲ್ಲೇ ಟವಲು ತಲೆಗೆ ಹಾಕಿಕೊಂಡು ಕುಳಿತ.

ಮರುದಿನ ಶಿಫ್ಟು ಮುಗಿಸಿ ಹೋಗಿ, ಟ್ಯೂಬು ಬಿಚ್ಚಿ, ತಿರುಪು ತೆಗೆದು, ನಳಿಗೆಯ ಕೆಳಗೆ ಮರದ ಸುತ್ತಿಗೆಯಿಂದ ಸಣ್ಣ ಏಟು ಕೊಟ್ಟೆ. ಎರಡನೆಯ ಏಟಿಗೆ ಕಬ್ಬಿಣ ಬಿಟ್ಟುಕೊಂಡು ಮೇಲೆ ಬಂತು. ಗುಳಿಯಲ್ಲಿ ಅದರ ಅಚ್ಚು ಒಂದು ಗೀರೂ ಬಿಡದೆ ಮೂಡಿತ್ತು. ಮತ್ತೆ ಕೂರಿಸಿ ತಿರುಪು ಬಿಗಿದರೆ ಸದ್ದಿಲ್ಲದೆ ಕೂತಿತು. ಬಸ್ ಟಿಕೆಟೊಂದನ್ನು ನಳಿಗೆ ಮತ್ತು ಮರದ ನಡುವೆ ಸಿಕ್ಕಿಸಿ ಎಳೆದೆ. ತುದಿಯಿಂದ ಬುಡದ ತನಕ ಎಲ್ಲೂ ತಡೆಯದೆ ಬಂತು. ಅಷ್ಟು ಒಳ್ಳೆಯ ಕೆಲಸವನ್ನು ನಾನು ಅದಕ್ಕೆ ಮೊದಲೂ ಮಾಡಿರಲಿಲ್ಲ, ಆಮೇಲೂ ಮಾಡಲಿಲ್ಲ. ಮರ ಹಿಗ್ಗಿದ್ದ ಸುಳ್ಳು ಮರೆತೇ ಹೋಯಿತು. ಹನುಮಣ್ಣ ನನ್ನ ಎರಡೂ ಕೈ ಹಿಡಿದುಕೊಂಡ.

ಆಮೇಲಿನ ಒಂದು ತಿಂಗಳು ಅವನು ಮನೆಯಲ್ಲೇ ಅಭ್ಯಾಸ ಮಾಡಿದ. ಗೋಡೆಗೆ ಕಪ್ಪು ಬೊಟ್ಟಿಟ್ಟು, ಚಾಪೆಯ ಮೇಲೆ ಬೋರಲು ಮಲಗಿ, ಗುಂಡಿಲ್ಲದ ರೈಫಲ್ಲಿನಿಂದ ಗುರಿ ಇಡುವುದು. ಒಂದು ದಿನ ನಾನು ಹೊರಡುವಾಗ ಪುಟ್ಟತಾಯಮ್ಮ ಗೇಟಿನ ತನಕ ಬಂದಳು. ಉಳಿದ ಕಣ್ಣಿನಲ್ಲಿ ನೀರು ಸುರಿಯುತ್ತದೆ, ದೀಪ ನೋಡಿದರೆ ಅದರ ಸುತ್ತ ಬಳೆ ಬಳೆಯಾಗಿ ಕಾಣುತ್ತದಂತೆ, ಡಾಕ್ಟರ ಹತ್ತಿರ ಹೋಗು ಎಂದರೆ ಸ್ಪರ್ಧೆ ಮುಗಿಯಲಿ ಅನ್ನುತ್ತಾನೆ ಎಂದಳು. ನಾನು ಹೂಂಗುಟ್ಟಿ ಬಂದೆ. ನನ್ನ ತಲೆಯಲ್ಲಿ ಇದ್ದದ್ದು ಮರ ಮಾತ್ರ, ಕಣ್ಣಿನ ವಿಷಯ ಕಿವಿಗೆ ಬಿದ್ದರೂ ಒಳಗೆ ಇಳಿಯಲಿಲ್ಲ.

ಸ್ಪರ್ಧೆಯ ದಿನ ಇಬ್ಬರೂ ಬೆಳಿಗ್ಗೆಯೇ ಬಸ್ಸು ಹತ್ತಿದೆವು. ಜಮಖಾನದ ಚೀಲ ನೋಡಿದ ಕಂಡಕ್ಟರು, ಭಜನೆಗೆ ಹೊರಟ್ರಾ ಅಣ್ಣ ಎಂದು ಕೇಳಿದ. ಹೂಂ ಎಂದೆವು. ಕ್ಲಬ್ಬಿನ ಮೈದಾನ ಹೆಸರಘಟ್ಟದ ಕಡೆ ಒಂದು ಬತ್ತಿದ ಕೆರೆಯ ಏರಿಗೆ ಅಂಟಿಕೊಂಡಿತ್ತು. ಅದನ್ನು ನೋಡಿಕೊಳ್ಳುತ್ತಿದ್ದವರು ನಿವೃತ್ತ ಸುಬೇದಾರರೊಬ್ಬರು. ಮಾತು ಕಡಿಮೆ, ಮೀಸೆ ಜಾಸ್ತಿ. ಅವರು ಹೊಸ ಸ್ಟಾಕನ್ನು ತಿರುಗಿಸಿ ನೋಡಿ, ಬುಡದಲ್ಲಿ ಹೆಬ್ಬೆರಳು ಒತ್ತಿ ನೋಡಿ, ಯಾರು ಕೂರಿಸಿದ್ದು ಎಂದು ಕೇಳಿದರು. ನಾನು ವಿನಯದಿಂದ ನೆಲ ನೋಡಿದೆ.

ಮೊದಲ ಐದು ಗುಂಡು ಚೆನ್ನಾಗಿ ಹೋದವು. ನಾನು ಹಿಂದೆ ಕೂತು ದುರ್ಬೀನಿನಲ್ಲಿ ನೋಡುತ್ತಿದ್ದೆ; ಐದೂ ಕಪ್ಪಿನೊಳಗೇ ಇದ್ದವು. ಏಳನೆಯದರಿಂದ ಅವು ಚೆದುರತೊಡಗಿದವು. ಹನುಮಣ್ಣ ರೈಫಲ್ಲು ಇಳಿಸಿ ಕಣ್ಣೊರೆಸಿಕೊಂಡು ಮತ್ತೆ ಎತ್ತುತ್ತಿದ್ದ. ಹನ್ನೆರಡನೆಯದು ಅವನ ಕಾಗದದಲ್ಲಿ ಎಲ್ಲೂ ಕಾಣಲಿಲ್ಲ. ಪಕ್ಕದವನ ಕಾಗದದಲ್ಲಿ ಒಂದು ತೂತು ಹೆಚ್ಚಿತ್ತು. ಹದಿನೇಳನೆಯದೂ ಅಲ್ಲಿಗೇ ಹೋಯಿತು. ಪಕ್ಕದವನು ಏನೋ ಹೇಳಲು ಬಾಯಿ ತೆರೆದ, ಸುಬೇದಾರರು ಕಣ್ಣಲ್ಲೇ ಸುಮ್ಮನಾಗಿಸಿದರು. ಕೊನೆಗೆ ಎಣಿಸಿದಾಗ ಸಿಕ್ಕಿದ್ದು ನೂರಾ ನಲವತ್ತೊಂದು.

ಹನುಮಣ್ಣ ಎದ್ದು ಮೊಣಕಾಲಿನ ಮಣ್ಣು ಕೊಡವಿಕೊಂಡ. ಮರ ಎಲ್ಲೋ ಅಲುಗುತ್ತಿದೆ, ನೀವೇ ಒಂದು ಸಲ ನೋಡಿ ಸಾಹೇಬ್ರೆ ಎಂದು ಸುಬೇದಾರರಿಗೆ ಹೇಳಿ, ನಮ್ಮಿಬ್ಬರ ಕಡೆಗೂ ನೋಡದೆ, ಮುಖ ತೊಳೆಯಲು ದೂರದ ಬೋರ್‌ವೆಲ್ಲಿನ ಕಡೆ ನಡೆದ.

ಸುಬೇದಾರರು ಮರಳಿನ ಮೂಟೆಯ ಮೇಲೆ ರೈಫಲ್ಲಿಟ್ಟು, ಹೊಸ ಕಾಗದಕ್ಕೆ ನಿಧಾನವಾಗಿ ಐದು ಗುಂಡು ಹೊಡೆದರು. ನಾವಿಬ್ಬರೂ ನಡೆದುಹೋಗಿ ಕಾಗದ ನೋಡಿದೆವು. ಐದೂ ಒಂದರ ಮೇಲೊಂದು ಬಿದ್ದು ಒಂದೇ ತೂತಾಗಿತ್ತು. ನನ್ನ ಕಿರುಬೆರಳಿನ ಉಗುರು ಇಟ್ಟರೆ ಮುಚ್ಚಿಹೋಗುತ್ತಿತ್ತು. ಬೇರೆ ದಿನವಾಗಿದ್ದರೆ ನಾನು ಕುಣಿಯುತ್ತಿದ್ದೆ. ಸುಬೇದಾರರು ಕಾಗದ ಕಿತ್ತು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡರು.

“ಮರದಲ್ಲಿ ಏನೂ ತಪ್ಪಿಲ್ಲ ಆಚಾರ್,” ಎಂದರು. “ಹೇಳೋದು ನೀವಾ, ನಾನಾ?”

ಹನುಮಣ್ಣ ಟವಲಿನಿಂದ ಮುಖ ಒರೆಸಿಕೊಳ್ಳುತ್ತಾ ವಾಪಸು ಬರುತ್ತಿದ್ದ. ಕಾಲಿಗೆ ಒಂದು ಕಲ್ಲು ಸಿಕ್ಕಿ ತಡವರಿಸಿದ. ಕಲ್ಲು ಎದುರಿಗೇ ಇತ್ತು. ನಾನೇ ಹೇಳುತ್ತೇನೆ ಎಂದೆ. ಹೇಳುವುದು ಏನೆಂದು ಆಗ ನನಗೆ ಗೊತ್ತಿರಲಿಲ್ಲ. ಅವನು ಬಂದು ಎದುರಿಗೆ ನಿಂತಾಗ ಬಾಯಿಗೆ ಬಂದದ್ದು ಸ್ಕೇಲಿನ ಕಥೆ.

“ತಪ್ಪು ನಂದೇ ಅಣ್ಣ. ಶ್ರಿಂಕೇಜ್ ಸ್ಕೇಲಲ್ಲಿ ಗುರುತು ಹಾಕ್ಬಿಟ್ಟೆ. ತೂತು ತಪ್ಪೋಗಿತ್ತು, ಬೆಣೆ ಹೊಡೆದು ಮುಚ್ಚಿದೀನಿ. ಮರ ಹಿಗ್ಗಿದೆ ಅಂತ ನಿನ್ ಹತ್ರ ಸುಳ್ಳು ಹೇಳ್ದೆ.”

ಇದರಲ್ಲಿ ಒಂದೊಂದು ಮಾತೂ ನಿಜ. ಎಲ್ಲ ಸೇರಿಸಿದರೆ ಮಾತ್ರ ಸುಳ್ಳು. ಸುಬೇದಾರರು ಆಕಾಶ ನೋಡಿದರು. ಹನುಮಣ್ಣ ಟವಲನ್ನು ಹೆಗಲಿಗೆ ಹಾಕಿಕೊಂಡು ನನ್ನನ್ನೇ ನೋಡಿದ.

“ಎಷ್ಟು ತಪ್ಪಿತ್ತು?”

“ಎರಡು ಮಿಲ್ಲಿ. ಮೇಲೆ ಒಸಿ.”

“ನಿಮ್ಮಪ್ಪ ಒಂದ್ ದಾರ ಇಟ್ಕೊಂಡು ಊರಿಗೆಲ್ಲ ಗಾಡಿ ಕಟ್ದ. ನೀನು ಸ್ಟೀಲ್ ಸ್ಕೇಲ್ ಇಟ್ಕೊಂಡು ಇಂಗ್ ಮಾಡ್ದೆ,” ಎಂದ. ಅಲ್ಲಿಂದ ಶುರುವಾದದ್ದು ಬಸ್ಸು ಹತ್ತುವ ತನಕ ನಿಲ್ಲಲಿಲ್ಲ. ನನ್ನ ಕೈ, ನನ್ನ ವಂಶ, ಐಟಿಐಯಲ್ಲಿ ನನಗೆ ಪಾಠ ಹೇಳಿದವರು, ಎಲ್ಲರಿಗೂ ಪಾಲು ಸಿಕ್ಕಿತು. ಅಪಘಾತದ ನಂತರ ಅವನು ಅಷ್ಟು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಬೈಸಿಕೊಳ್ಳುತ್ತಾ ಕೂತಿದ್ದವನಿಗೆ ವಿಚಿತ್ರವಾದ ಒಂದು ಹಗುರ ಅನ್ನಿಸಿತು, ಜೊತೆಗೆ ಸ್ವಲ್ಪ ನೋವೂ ಆಯಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎನ್ನುತ್ತಾರಲ್ಲ, ಆ ಗಾದೆಯಲ್ಲಿ ನೆಲಕ್ಕೆ ಏನನ್ನಿಸಿತೆಂದು ಯಾರೂ ಕೇಳುವುದಿಲ್ಲ. ಅವತ್ತು ನೆಲವಾಗಿದ್ದವನು ನಾನು.

ಇನ್ನೊಮ್ಮೆ ಸರಿಯಾಗಿ ಕೂರಿಸಿಕೊಡು ಎಂದು ಕೇಳುತ್ತಾನೆ ಎಂದು ಹೆದರಿದ್ದೆ. ಕೇಳಲಿಲ್ಲ. ಕೋವಿ ಕೆಟ್ಟುಹೋಯಿತು, ಇನ್ನು ಇಟ್ಟುಕೊಂಡು ಏನು ಮಾಡಲಿ ಎಂದು ಆ ತಿಂಗಳೇ ಅದನ್ನು ಕ್ಲಬ್ಬಿನ ಹೆಸರಿಗೆ ಬರೆದುಕೊಟ್ಟ. ವಾರದೊಳಗೆ ಪುಟ್ಟತಾಯಮ್ಮ ಅವನನ್ನು ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋದಳು. ಅವರು ಏನೇನೋ ಹನಿ ಕೊಟ್ಟು, ಇದ್ದಷ್ಟು ದೃಷ್ಟಿ ಉಳಿಸಿದರು. ಎಡಗೈ ಬಳಸುವ ಎನ್‌ಸಿಸಿ ಹುಡುಗಿಯೊಬ್ಬಳು ಆ ರೈಫಲ್ಲಿನಲ್ಲಿ ಬಹಳ ಚೆನ್ನಾಗಿ ಹೊಡೆಯುತ್ತಿದ್ದಾಳೆ ಎಂದು ಸುಬೇದಾರರು ಜಾಲಹಳ್ಳಿ ಕ್ರಾಸಿನಲ್ಲಿ ಸಿಕ್ಕಾಗ ನನಗೆ ಹೇಳಿದರು. ಹನುಮಣ್ಣನ ಕಿವಿಗೆ ಬಿತ್ತೋ ಇಲ್ಲವೋ, ನನ್ನ ಬಾಯಿಂದಂತೂ ಬೀಳಲಿಲ್ಲ.

ಅವನ ಬಾಯಿ ಮಾತ್ರ ಸುಮ್ಮನಿರಲಿಲ್ಲ. ಮದುವೆಮನೆ, ನಾಮಕರಣ, ಗೋದಾಮಿನ ಕೌಂಟರು, ಎಲ್ಲಿ ಸಿಕ್ಕಿದರೂ ನನ್ನ ಪರಿಚಯ ಒಂದೇ: ನನ್ನ ಕೋವಿ ಕೆಡಿಸಿದ ಆಚಾರಿ ಇವನೇ. ಬಾಗಲಗುಂಟೆಯಲ್ಲಿ ಮಂಚ ಮಾಡಿಸುವವರು ನನ್ನ ಹೆಸರು ಕೇಳಿದರೆ, ಕಾಲು ನಾಲ್ಕೂ ಒಂದೇ ಉದ್ದ ಇರುತ್ತಾ ಎಂದು ನಗುತ್ತಿದ್ದರು. ನಾನು ಸಾಧುವಲ್ಲ. ಎಷ್ಟೋ ಸಲ ಸಿಟ್ಟು ನೆತ್ತಿಗೇರಿ, ಐದು ಗುಂಡಿನ ಆ ಒಂದು ತೂತಿನ ವಿಷಯ ನಾಲಿಗೆಯ ತುದಿಯ ತನಕ ಬಂದದ್ದುಂಟು. ಒಂದು ಸಲ ನನ್ನ ಮಾವನ ಎದುರಿಗೇ ಅದೇ ಪರಿಚಯ ಮಾಡಿಕೊಟ್ಟಾಗ, ಎದ್ದು ಹೊರಗೆ ಹೋಗಿ ಎರಡು ಬೀಡಿ ಸೇದಿ ಬಂದೆ.

ಹೀಗೆ ಐದಾರು ವರ್ಷ ಕಳೆಯಿತು. ಹನುಮಣ್ಣ ತನ್ನ ಸೈಟಿನಲ್ಲಿ ಕೆಳಗೊಂದು ಮೇಲೊಂದು ಮನೆ ಕಟ್ಟಿಸಲು ಹೊರಟ. ಗೋಡೆ ಸೊಂಟದ ಎತ್ತರಕ್ಕೆ ಬಂದಾಗ ನನಗೆ ಹೇಳಿಕಳಿಸಿದ. ಹೋದರೆ ಗಾರೆಯವರು, ನೆಂಟರು, ಪುಟ್ಟತಾಯಮ್ಮ ಎಲ್ಲ ನಿಂತಿದ್ದರು. ತಲೆಬಾಗಿಲು ನಿಲ್ಲಿಸುವುದೆಂದರೆ ನಮ್ಮಲ್ಲಿ ದೇವರ ಕೆಲಸ. ದಿನ ನೋಡಿ, ಪೂಜೆ ಮಾಡಿ, ಚೌಕಟ್ಟಿನ ತಲೆಗೆ ನವಧಾನ್ಯದ ಗಂಟು ಕಟ್ಟಿ ಎತ್ತುತ್ತಾರೆ. ಒಮ್ಮೆ ನಿಲ್ಲಿಸಿದ್ದನ್ನು ಕೀಳುವಂತಿಲ್ಲ. ಆ ಬಾಗಿಲನ್ನು ಆಚಾರಿಯೇ ಮಾಡಬೇಕು ಎಂದು ಹನುಮಣ್ಣ ಎಲ್ಲರೆದುರಿಗೆ ಹೇಳಿದ. ಪುಟ್ಟತಾಯಮ್ಮನಿಗೆ ತಡೆಯಲಾಗಲಿಲ್ಲ.

“ಕೋವಿ ಕೆಡ್ಸಿದ್ ಕೈಗೇ ಬಾಗ್ಲು ಕೊಡ್ತೀಯಾ?” ಎಂದಳು.

ಹನುಮಣ್ಣ ಇಟ್ಟಿಗೆಯ ಸಾಲನ್ನು ಬೆರಳಿನಿಂದ ತಡವುತ್ತಾ ನಿಂತಿದ್ದ.

“ಕೋವಿ ಕೆಡ್ಸಿದ್ದು ನಾವಿಬ್ರೂ ಸೇರಿ,” ಎಂದ. “ಬಾಗ್ಲು ಅವ್ನೊಬ್ನೇ ಮಾಡ್ಲಿ.”

ಉಳಿದವರು ಅದನ್ನು ಅವನ ಮಾಮೂಲು ತಮಾಷೆ ಎಂದುಕೊಂಡು ನಕ್ಕರು. ನಾನು ನಗಲಿಲ್ಲ. ಚೀಲದಿಂದ ಟೇಪು ತೆಗೆದು ಬಾಗಿಲ ಜಾಗದ ಒಂದು ಬದಿಗೆ ಹಿಡಿದೆ. ಅವನು ಗೋಡೆ ತಡವಿಕೊಂಡು ಬಂದು ಇನ್ನೊಂದು ತುದಿ ಹಿಡಿದುಕೊಂಡ.